ಜರ್ಮನಿಯ ಆ ಎಂಟು ಮಕ್ಕಳ ಬಗ್ಗೆ ನಾವು ಮಾತಾಡಬೇಕು, ಕಾಮ್ರೇಡ್

ಕರಾವಳಿಯ ಎಡಪಕ್ಷಗಳ ಮತ್ತು ಕಾರ್ಮಿಕ ಸಂಘಗಳ ಗೆಳೆಯರಿಗೆ,

ನಮಸ್ಕಾರ. ನಾನು ಸಿ.ಎಸ್.ಐ. ಸಭೆಯ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ, ಒಬ್ಬ ನಿವೃತ್ತ ಸಭಾಪಾಲಕ, ಅಂದರೆ ಪಾದ್ರಿ. ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡಾದಾಗ ಕಮ್ಯುನಿಸ್ಟರು ಆಳಿದ ಪೂರ್ವ ಜರ್ಮನಿಯಲ್ಲಿ ಒಬ್ಬ ಪಾದ್ರಿಯ ಎಂಟು ಮಕ್ಕಳಿಗೆ ಮೇಲಿನ ಓದಿಗೆ ಸೀಟು ಕೊಡಲಿಲ್ಲ. ಅವರ ಬಗ್ಗೆ ಮಾತಾಡಲು ಈ ಪತ್ರ. ನಿಮ್ಮಲ್ಲಿ ಕೆಲವರಿಗೆ ನನ್ನ ಪರಿಚಯ ಇದೆ. ವಯಸ್ಸಾದ ಒಂದಿಬ್ಬರಿಗೆ ನನ್ನ ಅಪ್ಪನ ನೆನಪೂ ಇರಬಹುದು. ಅವರು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಕೊನೆಯವರೆಗೂ ನಿಮ್ಮ ಸಂಘದ ಸದಸ್ಯರಾಗಿದ್ದವರು.

ಅಪ್ಪ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆ ತೆಗೆದು ನೋಡಿದೆ. ಎರಡು ಪಂಚೆ, ಒಂದು ಕನ್ನಡಕ, ಬೆನ್ನು ಕಿತ್ತುಹೋದ ಒಂದು ಹಾಡಿನ ಪುಸ್ತಕ. ಪುಸ್ತಕದ ಒಳಗೆ ಅಲ್ಲಲ್ಲಿ ಸಣ್ಣ ಚೀಟಿಗಳು. ಬಿಡಿಸಿ ನೋಡಿದರೆ ಸಂಘದ ಚಂದಾ ರಸೀದಿಗಳು. ಭಾನುವಾರ ಯಾವ ಹಾಡು ಹಾಡಬೇಕೋ ಆ ಪುಟಕ್ಕೆ ಅಪ್ಪ ರಸೀದಿ ಇಟ್ಟು ಗುರುತು ಮಾಡುತ್ತಿದ್ದರು. ಕೆಲವು ಪುಟಗಳ ಮೂಲೆಯಲ್ಲಿ ಕೆಂಪು ಆವೆಮಣ್ಣಿನ ಹೆಬ್ಬೆಟ್ಟಿನ ಗುರುತು ಇನ್ನೂ ಇದೆ. ಎಷ್ಟು ತೊಳೆದರೂ ಆ ಮಣ್ಣು ಅವರ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ.

1972ರಲ್ಲಿ ನನಗೆ ಹದಿನಾಲ್ಕು ವರ್ಷ. ಆ ವರ್ಷ ನನ್ನ ಕನ್ಫರ್ಮೇಶನ್, ಅಂದರೆ ನಂಬಿಕೆಯನ್ನು ದೃಢಪಡಿಸಿ ಚರ್ಚಿನ ಪೂರ್ಣ ಸದಸ್ಯನಾಗುವ ವಿಧಿ. ಅದೇ ಭಾನುವಾರ ಬೆಳಿಗ್ಗೆ ಸಂಘದ ಸಭೆ ಇಟ್ಟಿದ್ದರು, ಬೋನಸ್ ವಿಷಯಕ್ಕೆ. ಅಪ್ಪ ಹೋಗಿ ಸಂಘದ ಮುಖಂಡರಿಗೆ ಹೇಳಿದರು, ಮಗನಿಗೆ ಕನ್ಫರ್ಮೇಶನ್ ಇದೆ, ಬೆಳಿಗ್ಗೆ ಬರಲಿಕ್ಕೆ ಆಗುವುದಿಲ್ಲ ಅಂತ. ಮುಖಂಡರು ದೇವರನ್ನು ನಂಬುವವರಲ್ಲ. ಆದರೆ ಸಭೆಯನ್ನು ಸಂಜೆ ನಾಲ್ಕಕ್ಕೆ ಮುಂದೂಡಿದರು. ನಮ್ಮ ಕಡೆಯ ಇನ್ನೂ ಏಳೆಂಟು ಕಾರ್ಮಿಕರು ಅಂದು ಚರ್ಚಿನಲ್ಲಿ ಇರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಅವರೂ ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತು ಊಟ ಮಾಡಿದರು. ಅಮ್ಮ ಮಾಡಿದ ಕೋಳಿ ಸುಕ್ಕ ಎರಡು ಸಲ ಹಾಕಿಸಿಕೊಂಡರು. ನನ್ನ ತಲೆ ಸವರಿ, "ಚೆನ್ನಾಗಿ ಓದು ಮಾರಾಯ" ಅಂದರು.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ ಅಂದರೆ, ಈ ಪತ್ರ ನಿಮ್ಮ ವೈರಿ ಬರೆದದ್ದಲ್ಲ ಅಂತ ನಿಮಗೆ ಗೊತ್ತಾಗಬೇಕು. 2008ರ ಸೆಪ್ಟೆಂಬರ್‌ನಲ್ಲಿ ನಮ್ಮ ಊರಿನ ಚರ್ಚುಗಳ ಮೇಲೆ ದಾಳಿ ಆದಾಗ ಬೀದಿಗೆ ಇಳಿದವರಲ್ಲಿ ನೀವೂ ಇದ್ದಿರಿ. ಅದನ್ನು ನಾನು ಮರೆತಿಲ್ಲ. ಮರೆಯುವುದೂ ಇಲ್ಲ.

ಕಳೆದ ನವೆಂಬರ್‌ನಲ್ಲಿ ನಿಮ್ಮ ಒಂದು ಕಾರ್ಯಕ್ರಮಕ್ಕೆ ಬಂದಿದ್ದೆ. ಒಬ್ಬ ಯುವಕ ಪೂರ್ವ ಜರ್ಮನಿಯ ಬಗ್ಗೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಎಲ್ಲರಿಗೂ ಕೆಲಸ ಇತ್ತು, ಹೆಂಗಸರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳಲು ಶಿಶುವಿಹಾರ ಇತ್ತು, ಬಾಡಿಗೆ ಕಡಿಮೆ, ಓದು ಪುಕ್ಕಟೆ. ಇದೆಲ್ಲ ನಿಜ. ಕೊನೆಯಲ್ಲಿ ನಾನು ಎದ್ದು ನಿಂತು, ಅಲ್ಲಿಯ ಪಾದ್ರಿಗಳ ಮಕ್ಕಳ ಓದು ಏನಾಯಿತು ಅಂತ ಕೇಳಿದೆ. "ಅದೆಲ್ಲ ಅಮೆರಿಕದವರ ಅಪಪ್ರಚಾರ ಸಾರ್" ಅಂದ. ಕೆಲವರು ಚಪ್ಪಾಳೆ ತಟ್ಟಿದರು. ನಾನು ಸುಮ್ನೆ ಕೂತುಬಿಟ್ಟೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅಂದು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನಮಗೂ ಜರ್ಮನಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ ಸ್ವಿಟ್ಜರ್ಲೆಂಡಿನದ್ದು, ಬಂದವರಲ್ಲಿ ಜಾಸ್ತಿ ಜನ ಜರ್ಮನರು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್, 1894ರಲ್ಲಿ ಕನ್ನಡದ ನಿಘಂಟು ಕೊಟ್ಟ ಕಿಟೆಲ್, ಇಬ್ಬರೂ ಜರ್ಮನರು. ಹಂಚಿನ ಕಾರ್ಖಾನೆ ಶುರು ಮಾಡಿದ್ದೂ ಅದೇ ಮಿಷನ್, 1865ರಲ್ಲಿ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಕ್ಯಾಂಪಿಗೆ ಹಾಕಿತು, ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಚರ್ಚನ್ನು ಅನುಮಾನದಿಂದ ನೋಡುವ ಚಾಳಿ ಕಮ್ಯುನಿಸ್ಟ್ ಸರ್ಕಾರಕ್ಕೆ ಮಾತ್ರ ಇದೆ ಅಂತ ನಾನು ಹೇಳುವುದಿಲ್ಲ. ಯಾವ ಸರ್ಕಾರಕ್ಕೂ ಅದು ಬರುತ್ತದೆ. ಆದರೆ ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಬಾವುಟ ಹಾರಿಸಿದ ಸರ್ಕಾರದ ಬಗ್ಗೆ. ಯಾಕೆಂದರೆ ಕೇಳಬೇಕಾದದ್ದು ನಿಮ್ಮನ್ನು.

ಪೂರ್ವ ಜರ್ಮನಿ ಹುಟ್ಟಿದ್ದು 1949ರಲ್ಲಿ. ಪ್ರೊಟೆಸ್ಟೆಂಟ್ ಸಭೆಗೆ ನಾಂದಿ ಹಾಡಿದ ಲೂಥರನು ಹುಟ್ಟಿದ ಊರು, ಸತ್ತ ಊರು, ಬೈಬಲ್ಲನ್ನು ಜರ್ಮನ್ ಭಾಷೆಗೆ ತಂದ ಕೋಟೆ, ಎಲ್ಲ ಆ ದೇಶದ ಗಡಿಯೊಳಗೇ ಬಂದವು. ಶುರುವಿನಲ್ಲಿ ಹತ್ತು ಜನರಲ್ಲಿ ಎಂಟು ಮಂದಿ ಪ್ರೊಟೆಸ್ಟೆಂಟ್ ಸಭೆಯವರು. ನಲವತ್ತು ವರ್ಷ ಆದಮೇಲೆ ನಾಲ್ಕರಲ್ಲಿ ಒಬ್ಬರು ಉಳಿದಿದ್ದರು. ಜನ ತಾವಾಗಿಯೇ ನಂಬಿಕೆ ಬಿಟ್ಟರು ಅಂತ ನೀವು ಹೇಳಬಹುದು. ಕೆಲವರು ಹಾಗೆ ಬಿಟ್ಟದ್ದು ಹೌದು. ಆದರೆ ಬಿಡಿಸಿದ ವಿಧಾನ ಹೇಗಿತ್ತು ಅಂತಲೂ ನೋಡಬೇಕು ಅಲ್ವಾ?

ಸೋವಿಯತ್ ದೇಶದ ಹಾಗೆ ಅಲ್ಲಿ ಪಾದ್ರಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯಲಿಲ್ಲ. ಚರ್ಚುಗಳು ತೆರೆದೇ ಇದ್ದವು. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ದೇವಶಾಸ್ತ್ರವನ್ನೂ ಕಲಿಸುತ್ತಿದ್ದರು. ಚರ್ಚಿನ ಆಸ್ಪತ್ರೆಗಳು, ಅಂಗವಿಕಲರ ಆಶ್ರಮಗಳು ನಡೆಯುತ್ತಿದ್ದವು. ಸಂವಿಧಾನದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಅಂತ ಬರೆದಿತ್ತು. ಹಾಗಾದರೆ ಒತ್ತಡ ಎಲ್ಲಿ ಬಿತ್ತು? ಮಕ್ಕಳ ಮೇಲೆ ಬಿತ್ತು.

1953ರ ಮೊದಲ ತಿಂಗಳುಗಳಲ್ಲಿ ಚರ್ಚಿನ ಯುವಕರ ಗುಂಪಿಗೆ ಸೇರಿದ ಹೈಸ್ಕೂಲು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ಎಲ್ಲರ ಎದುರಿಗೆ ನಿಲ್ಲಿಸಿ, ಚರ್ಚು ಬೇಕೋ ಶಾಲೆ ಬೇಕೋ ಅಂತ ಕೇಳಿದರು. ಆ ವರ್ಷ ಜೂನ್‌ನಲ್ಲಿ ಮಾಸ್ಕೋದಿಂದ ಸೂಚನೆ ಬಂದ ಮೇಲೆ ಕೈಬಿಟ್ಟರು. ಆಮೇಲೆ ಬೇರೆ ದಾರಿ ಹಿಡಿದರು. 1955ರಿಂದ 'ಯುಗೆಂಡ್‌ವೈಹೆ' ಶುರುವಾಯಿತು. ಹದಿನಾಲ್ಕು ವರ್ಷದ ಮಕ್ಕಳಿಗೆ ಸರ್ಕಾರ ನಡೆಸುವ ದೀಕ್ಷೆ ಅದು. ಒಳ್ಳೆಯ ಬಟ್ಟೆ, ಹೂವು, ಒಂದು ಪುಸ್ತಕ, ಸಮಾಜವಾದಕ್ಕೆ ನಿಷ್ಠನಾಗಿರುತ್ತೇನೆ ಅನ್ನುವ ಪ್ರತಿಜ್ಞೆ. ಕನ್ಫರ್ಮೇಶನ್ನಿಗೂ ಅದೇ ವಯಸ್ಸು. ಎರಡರಲ್ಲಿ ಒಂದು ಆರಿಸಿಕೋ ಅಂತ ಹೇಳಿದ ಹಾಗೆ. ಮೊದಲು ಚರ್ಚು ಗಟ್ಟಿಯಾಗಿ ನಿಂತಿತು, ದೀಕ್ಷೆ ತೆಗೆದುಕೊಂಡವರಿಗೆ ಕನ್ಫರ್ಮೇಶನ್ ಇಲ್ಲ ಅಂದಿತು. ಕೆಲವೇ ವರ್ಷಗಳಲ್ಲಿ ಸೋತಿತು. ಯಾಕೆಂದರೆ ದೀಕ್ಷೆ ತೆಗೆದುಕೊಳ್ಳದ ಮಗುವಿಗೆ ಮೇಲಿನ ಓದಿನ ಬಾಗಿಲು ಮುಚ್ಚುತ್ತಿತ್ತು. ತಂದೆತಾಯಿ ಏನು ಮಾಡಬೇಕು ಹೇಳಿ. ಡಾಕ್ಟರ್ ಆಗಬೇಕು ಅಂತ ಕನಸು ಕಾಣುವ ಹುಡುಗಿಯ ಎದುರಿಗೆ ಯಾವ ತಂದೆ ಗಟ್ಟಿಯಾಗಿ ನಿಂತಾನು?

ನನಗೆ ಹದಿನಾಲ್ಕು ಆದಾಗ ನಿಮ್ಮ ಸಂಘ ಸಭೆಯ ಹೊತ್ತನ್ನೇ ಬದಲಿಸಿತು. ಅಲ್ಲಿ ಅದೇ ವಯಸ್ಸಿನ ಮಗುವಿಗೆ ಆದದ್ದು ಇದು. ಇದನ್ನು ನೆನೆದಾಗಲೆಲ್ಲ ನನಗೆ ಆ ಮುಖಂಡರ ಮುಖ ಕಣ್ಣಿಗೆ ಬರುತ್ತದೆ.

ಓಸ್ಕರ್ ಬ್ರೂಸೆವಿಟ್ಸ್ ಅನ್ನುವ ಹೆಸರನ್ನು ನಿಮ್ಮ ಯುವಕರು ಕೇಳಿರಲಿಕ್ಕಿಲ್ಲ. ಅವರು ಮೊದಲು ಚಪ್ಪಲಿ, ಬೂಟು ಹೊಲಿಯುತ್ತಿದ್ದವರು. ಆಮೇಲೆ ಪಾದ್ರಿಯಾದರು. 1970ರಿಂದ ಝೈಟ್ಸ್ ಪಟ್ಟಣದ ಹತ್ತಿರದ ರಿಪ್ಪಿಖಾ ಅನ್ನುವ ಹಳ್ಳಿಯಲ್ಲಿದ್ದರು. ಮಕ್ಕಳೆಂದರೆ ಅವರಿಗೆ ಪ್ರಾಣ. ದೇವಾಲಯದ ಗೋಪುರದ ಮೇಲೆ ನಿಯಾನ್ ದೀಪದ ಶಿಲುಬೆ ಕಟ್ಟಿದರು. ರಾತ್ರಿ ದೂರದ ರಸ್ತೆಗೂ ಕಾಣುತ್ತಿತ್ತು. ತೆಗೆಯಿರಿ ಅಂತ ಅಧಿಕಾರಿಗಳು ಹೇಳಿದರು, ಇವರು ತೆಗೆಯಲಿಲ್ಲ. ದೇವರು ಬೇಡ, ಬಿಸಿಲು ಬೇಡ, ಬೆಳೆ ನಾವೇ ತರುತ್ತೇವೆ ಅನ್ನುವ ಅರ್ಥದ ಘೋಷಣೆ ಆಗ ಆ ಕಡೆ ಪ್ರಚಾರದಲ್ಲಿತ್ತು. ಬ್ರೂಸೆವಿಟ್ಸ್ ಒಂದು ಕುದುರೆಗಾಡಿಗೆ ಬೋರ್ಡು ಕಟ್ಟಿಕೊಂಡು ಪಟ್ಟಣದೊಳಗೆ ಹೋದರು. ಮಳೆ ಇಲ್ಲದೆ, ದೇವರಿಲ್ಲದೆ ಲೋಕವೇ ದಿವಾಳಿ ಅಂತ ಅದರಲ್ಲಿ ಬರೆದಿತ್ತು. ಅವರನ್ನು ಸಹಿಸುವುದು ಚರ್ಚಿನ ಮೇಲಿನವರಿಗೂ ಕಷ್ಟವಾಯಿತು. ಬೇರೆ ಊರಿಗೆ ಹೋಗಿ ಅಂತ ಹೇಳತೊಡಗಿದರು.

1976ರ ಆಗಸ್ಟ್ 18ರಂದು ಅವರು ಝೈಟ್ಸ್‌ನ ಮಿಖಾಯೇಲ್ ದೇವಾಲಯದ ಎದುರಿಗೆ ಕಾರು ನಿಲ್ಲಿಸಿದರು. ಎರಡು ಬೋರ್ಡು ಹೊರಗಿಟ್ಟರು. ಶಾಲೆಗಳಲ್ಲಿ ಮಕ್ಕಳ ಮತ್ತು ಯುವಜನರ ಮೇಲೆ ನಡೆಯುವ ದಬ್ಬಾಳಿಕೆಗಾಗಿ ಪೂರ್ವ ಜರ್ಮನಿಯ ಸಭೆಯು ಕಮ್ಯುನಿಸಂ ಮೇಲೆ ದೂರು ಹೊರಿಸುತ್ತದೆ ಅಂತ ಬರೆದಿತ್ತು. ಆಮೇಲೆ ತಮ್ಮ ಮೈಗೆ ಬೆಂಕಿ ಹಚ್ಚಿಕೊಂಡರು. ನಾಲ್ಕು ದಿನ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರು ಮಾಡಿದ್ದು ಸರಿ ಅಂತ ಒಬ್ಬ ಸಭಾಪಾಲಕನಾಗಿ ನಾನು ಹೇಳಲಾರೆ. ಜೀವ ಕೊಟ್ಟವನು ದೇವರು. ಅದನ್ನು ಹೀಗೆ ಕಳೆದುಕೊಳ್ಳಬೇಡಿ ಅಂತ ಎಷ್ಟೋ ಮನೆಗಳಲ್ಲಿ, ಎಷ್ಟೋ ರಾತ್ರಿ ಕೂತು ಬೇಡಿಕೊಂಡವನು ನಾನು. ಅವರಿಗೂ ಹೆಂಡತಿ, ಮಕ್ಕಳಿದ್ದರು. ಆದರೆ ಅವರ ಬೋರ್ಡಿನಲ್ಲಿ ಇದ್ದದ್ದನ್ನು ಓದಿ. ಚರ್ಚಿನ ಆಸ್ತಿ ಬಗ್ಗೆ ಒಂದು ಮಾತಿಲ್ಲ, ಪಾದ್ರಿಗಳ ಸಂಬಳದ ಬಗ್ಗೆ ಇಲ್ಲ. ಶಾಲೆಯಲ್ಲಿರುವ ಮಕ್ಕಳ ಬಗ್ಗೆ ಇದೆ. ಅವರು ಸತ್ತ ಮೇಲೆ ಪಕ್ಷದ ಪತ್ರಿಕೆ ಏನು ಬರೆಯಿತು ಗೊತ್ತೇ? ಅವರಿಗೆ ತಲೆ ಸರಿ ಇರಲಿಲ್ಲ ಅನ್ನುವ ಅರ್ಥದಲ್ಲಿ ಬರೆಯಿತು. ಆ ಲೇಖನಕ್ಕೆ ಇಟ್ಟ ಹೆಸರು ಹತ್ತು ಆಜ್ಞೆಗಳಲ್ಲಿ ಒಂದು, ಸುಳ್ಳುಸಾಕ್ಷಿ ಹೇಳಬಾರದು ಅನ್ನುವುದು. ಇದು ನನಗೆ ಇವತ್ತಿಗೂ ಸಹಿಸಲಿಕ್ಕೆ ಆಗುವುದಿಲ್ಲ. ಸತ್ತವನನ್ನು ಅವನದೇ ಧರ್ಮಗ್ರಂಥದಿಂದ ಹೊಡೆದ ಹಾಗೆ.

ಇಲ್ಲಿ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಹೇಳದಿದ್ದರೆ ಈ ಪತ್ರಕ್ಕೆ ಬೆಲೆ ಇಲ್ಲ. ಪೂರ್ವ ಜರ್ಮನಿಯ ಚರ್ಚಿನಲ್ಲಿ ಎಲ್ಲರೂ ವೀರರಾಗಿರಲಿಲ್ಲ. ಪಾದ್ರಿಗಳಲ್ಲೂ ಸ್ಟಾಸಿ ಅನ್ನುವ ಗುಪ್ತ ಪೊಲೀಸರಿಗೆ ಸುದ್ದಿ ಕೊಟ್ಟವರಿದ್ದರು. ತಪ್ಪೊಪ್ಪಿಗೆ ಕೇಳಬೇಕಾದ ಕಿವಿಯೇ ವರದಿ ಬರೆದರೆ ಸಭೆಯ ಜನ ಎಲ್ಲಿಗೆ ಹೋಗಬೇಕು? 1971ರಿಂದ 'ಸಮಾಜವಾದದೊಳಗಿನ ಸಭೆ' ಅನ್ನುವ ಮಾತು ಬಂತು. ನಾವು ಅದಕ್ಕೆ ವಿರುದ್ಧವೂ ಅಲ್ಲ, ಅದರ ಪಕ್ಕಕ್ಕೂ ಅಲ್ಲ, ಅದರೊಳಗೇ ಇದ್ದೇವೆ ಅನ್ನುವ ನಿಲುವು. 1978ರ ಮಾರ್ಚ್ 6ರಂದು ಬಿಷಪ್ ಶೋನ್‌ಹೆರ್ ಮತ್ತವರ ಜೊತೆಯವರು ದೇಶದ ನಾಯಕ ಎರಿಕ್ ಹೊನೆಕರ್ ಜೊತೆ ಕೂತು ಮಾತಾಡಿದರು. ಟಿ.ವಿ.ಯಲ್ಲಿ ಒಂದಿಷ್ಟು ಹೊತ್ತು ಸಿಕ್ಕಿತು, ಹೊಸ ಬಡಾವಣೆಗಳಲ್ಲಿ ಚರ್ಚು ಕಟ್ಟಲು ಒಪ್ಪಿಗೆ ಸಿಕ್ಕಿತು, ಜೈಲಿಗೆ ಹೋಗಿ ಕೈದಿಗಳನ್ನು ಕಾಣಲು ದಾರಿಯಾಯಿತು. ಇವು ಸಣ್ಣವಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಸೈನಿಕ ಪಾಠ ಕಡ್ಡಾಯವಾಯಿತು. ಚರ್ಚು ಬೇಡ ಅಂದಿತು. ಯಾರೂ ಕೇಳಲಿಲ್ಲ.

ಎಲ್ಲ ಪಾದ್ರಿಗಳ ಮಕ್ಕಳಿಗೂ ಬಾಗಿಲು ಮುಚ್ಚಿತ್ತು ಅಂತಲೂ ನಾನು ಹೇಳುತ್ತಿಲ್ಲ. ಹೋರ್ಸ್ಟ್ ಕಾಸ್ನರ್ ಅನ್ನುವ ಪಾದ್ರಿ 1954ರಲ್ಲಿ ಹ್ಯಾಂಬರ್ಗ್ ಬಿಟ್ಟು ತಾವಾಗಿಯೇ ಪೂರ್ವಕ್ಕೆ ಬಂದವರು. ಜನ ಪಶ್ಚಿಮಕ್ಕೆ ಓಡುತ್ತಿದ್ದ ಕಾಲ ಅದು. ಸರ್ಕಾರದ ಜೊತೆ ಹೊಂದಿಕೊಂಡವರು ಅಂತ ಅವರಿಗೆ ಹೆಸರಿತ್ತು. ಅವರ ಮಗಳು ಲೈಪ್ಸಿಗ್‌ನಲ್ಲಿ ಭೌತಶಾಸ್ತ್ರ ಓದಿದರು. ಆಕೆ ಏಂಜೆಲಾ ಮರ್ಕೆಲ್, ಆಮೇಲೆ ಜರ್ಮನಿಯ ಚಾನ್ಸೆಲರ್ ಆದವರು. ಹೊಂದಿಕೊಂಡರೆ ಸೀಟು ಸಿಗಬಹುದಿತ್ತು. ಆದರೆ ಸೀಟು ಮಗುವಿನ ಮಾರ್ಕಿಗೆ ಸಿಗಬೇಕೋ, ಅಪ್ಪನ ನಡವಳಿಕೆಗೆ ಸಿಗಬೇಕೋ? ನಮ್ಮ ನಾಡಿನಲ್ಲಿ ಹುಟ್ಟಿನ ಮೇಲೆ ಓದು ತೀರ್ಮಾನ ಆಗಬಾರದು ಅಂತ ಗಂಟಲು ಹರಿಯುವ ತನಕ ಕೂಗಿದವರು ನೀವು. ಈ ಪ್ರಶ್ನೆ ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗಬೇಕು.

ಯುದ್ಧಕ್ಕೆ ಹೋಗಲು ಒಲ್ಲದವರ ಕಥೆಯೂ ಹೀಗೆಯೇ. 1964ರಿಂದ, ಬಂದೂಕು ಹಿಡಿಯಲಾರೆ ಅಂದವರಿಗೆ ಸೈನ್ಯದೊಳಗೇ ಕಟ್ಟಡದ ಕೆಲಸ ಕೊಡುತ್ತಿದ್ದರು. ಭುಜದ ಪಟ್ಟಿಯ ಮೇಲೆ ಸಣ್ಣ ಸಲಿಕೆಯ ಚಿತ್ರ. ಸೋವಿಯತ್ ಕೂಟದ ಬೇರೆ ದೇಶಗಳಲ್ಲಿ ಇಷ್ಟೂ ಇರಲಿಲ್ಲ, ಅದಕ್ಕೆ ಮೆಚ್ಚಬೇಕು. ಆದರೆ ಆ ಸಲಿಕೆ ಹೊತ್ತವರಿಗೆ ಆಮೇಲೆ ಕಾಲೇಜಿನಲ್ಲಿ ಜಾಗ ಸಿಗುವುದು ಕಷ್ಟ. ಎಂಬತ್ತರ ದಶಕದ ಶುರುವಿನಲ್ಲಿ ಚರ್ಚಿನ ಯುವಕರು ತೋಳಿನ ಮೇಲೆ ಒಂದು ಬಟ್ಟೆಯ ಬಿಲ್ಲೆ ಹೊಲಿದುಕೊಂಡರು. ಕತ್ತಿಗಳನ್ನು ಕುಲುಮೆಗೆ ಹಾಕಿ ಗುಳಗಳನ್ನಾಗಿ ಮಾಡುವರು ಅನ್ನುವ ಬೈಬಲ್ಲಿನ ಪ್ರವಾದಿಯ ಮಾತಿನ ಗುರುತು. ಕತ್ತಿ ಬಡಿದು ನೇಗಿಲ ಗುಳ ಮಾಡುತ್ತಿರುವ ಒಬ್ಬ ಗಂಡಸಿನ ಚಿತ್ರ ಅದರ ಮೇಲೆ. ಆ ಚಿತ್ರ ಎಲ್ಲಿಯದು ಗೊತ್ತೇ? ಸೋವಿಯತ್ ಒಕ್ಕೂಟವೇ 1959ರಲ್ಲಿ ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟ ಮೂರ್ತಿಯದ್ದು. ಆ ಬಿಲ್ಲೆ ಹೊಲಿದುಕೊಂಡ ಮಕ್ಕಳನ್ನು ಪೊಲೀಸರು ದಾರಿಯಲ್ಲಿ ತಡೆದು ನಿಲ್ಲಿಸಿದರು. ಶಾಲೆಯಲ್ಲಿ ಕಿತ್ತು ಹಾಕಿಸಿದರು. ಕೆಲವು ಹುಡುಗರು ಬಿಲ್ಲೆ ಕಿತ್ತು, ಅಷ್ಟೇ ಅಗಲದ ತೂತನ್ನು ಅಂಗಿಯಲ್ಲಿ ಹಾಗೇ ಬಿಟ್ಟುಕೊಂಡು ಓಡಾಡಿದರು.

2011ರಲ್ಲಿ ನಾನು ಜರ್ಮನಿಗೆ ಹೋಗಿದ್ದೆ. ನಮ್ಮ ಸಭೆಗೂ ಸ್ಟುಟ್‌ಗಾರ್ಟ್ ಕಡೆಯ ಸಭೆಗಳಿಗೂ ಹಳೆಯ ಒಡನಾಟ ಇದೆ. ಕೆಲಸ ಮುಗಿದ ಮೇಲೆ ಎರಡು ದಿನ ಬಿಡುವು ಸಿಕ್ಕಿತು. ರೈಲು ಹತ್ತಿ ಲೈಪ್ಸಿಗ್‌ಗೆ ಹೋದೆ. ನಿಕೊಲಾಯ್ ದೇವಾಲಯ ನೋಡಬೇಕಿತ್ತು.

ಒಳಗೆ ಕಾಲಿಟ್ಟಾಗ ನನಗೆ ಊರಿನ ತೋಟಕ್ಕೆ ಬಂದ ಹಾಗಾಯಿತು. ಬಿಳಿ ಕಂಬಗಳು ಎತ್ತರಕ್ಕೆ ಹೋಗಿ, ತುದಿಯಲ್ಲಿ ಹಸಿರು ಗರಿಗಳಾಗಿ ಬಿಚ್ಚಿಕೊಳ್ಳುತ್ತವೆ. ಥೇಟ್ ನಮ್ಮ ತಾಳೆಮರದ ಹಾಗೆ. ಚಳಿಯ ದೇಶದಲ್ಲಿ ಯಾರೋ ಯಾವ ಕಾಲದಲ್ಲೋ ತಾಳೆಮರ ಕೆತ್ತಿದ್ದಾರೆ. ಒಂದು ಕಂಬದ ಬುಡದಲ್ಲಿ ಕೂತೆ. ಪಕ್ಕದ ಬೆಂಚಿನ ಅಂಚು ಕೈ ತಾಗಿ ತಾಗಿ ನುಣ್ಣಗಾಗಿತ್ತು.

ಆ ದೇವಾಲಯದಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕೆಲವು ವಾರ ಹತ್ತಿಪ್ಪತ್ತು ಜನವೂ ಇರುತ್ತಿರಲಿಲ್ಲವಂತೆ. ಸಭಾಪಾಲಕರು ಕ್ರಿಸ್ಟಿಯಾನ್ ಫ್ಯೂರರ್. ಸಣ್ಣ ಆಳು, ಡೆನಿಮ್ ಅಂಗಿ ಹಾಕುತ್ತಿದ್ದವರು. ಬಾಗಿಲ ಹತ್ತಿರ ಒಂದು ಬೋರ್ಡು ಇಟ್ಟಿದ್ದರು, 'ಎಲ್ಲರಿಗೂ ತೆರೆದಿದೆ' ಅಂತ. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿ ಕೆಲಸ ಕಳೆದುಕೊಂಡವರು ಬಂದರು. ದೇವರನ್ನು ನಂಬದವರೂ ಬಂದರು. 1989ರ ಅಕ್ಟೋಬರ್ 9ರ ಸೋಮವಾರ ಗುಂಡು ಹಾರಿಸುತ್ತಾರೆ ಅಂತ ಊರೆಲ್ಲ ಸುದ್ದಿ. ಆಸ್ಪತ್ರೆಗಳಲ್ಲಿ ರಕ್ತ ಸಿದ್ಧ ಮಾಡಿಟ್ಟಿದ್ದರು. ಅಂದು ಪಕ್ಷದವರು ಮಧ್ಯಾಹ್ನವೇ ಸುಮಾರು ಆರುನೂರು ಸದಸ್ಯರನ್ನು ಕಳಿಸಿ ದೇವಾಲಯದ ಬೆಂಚುಗಳನ್ನು ತುಂಬಿಸಿಬಿಟ್ಟರು. ಜನರಿಗೆ ಜಾಗ ಸಿಗಬಾರದು ಅಂತ.

ಫ್ಯೂರರ್ ಆ ಪಕ್ಷದವರನ್ನು ಹೊರಗೆ ಕಳಿಸಲಿಲ್ಲ. ಸ್ವಾಗತ ಹೇಳಿದರು. ಆದರೆ ಮೇಲಿನ ಗ್ಯಾಲರಿಯನ್ನು ಸದ್ಯಕ್ಕೆ ತೆರೆಯುವುದಿಲ್ಲ ಅಂದರು. ಯಾಕೆಂದರೆ ನಿಜವಾಗಿ ದುಡಿಯುವ ಕಾರ್ಮಿಕರು ನಾಲ್ಕು ಗಂಟೆಗೆ ಮೊದಲು ಬರಲಾರರು, ಅವರಿಗೂ ಒಂದಿಷ್ಟು ಜಾಗ ಬೇಕು. ಕಾರ್ಮಿಕರ ಸರ್ಕಾರ ಅಂತ ಹೇಳಿಕೊಂಡವರ ಎದುರಿಗೆ ಕಾರ್ಮಿಕನಿಗೆ ಬೆಂಚು ಉಳಿಸಿದವನು ಒಬ್ಬ ಪಾದ್ರಿ. ಇದನ್ನು ಓದಿದ ದಿನ ನನಗೆ ನಮ್ಮ ಸಂಘದ ಆ ಸಂಜೆ ನಾಲ್ಕರ ಸಭೆ ನೆನಪಾಯಿತು, ಕಣ್ಣು ತುಂಬಿ ಬಂತು.

ಅಂದು ಸಂಜೆ ಎಪ್ಪತ್ತು ಸಾವಿರ ಜನ ಊರಿನ ವರ್ತುಲ ರಸ್ತೆಯಲ್ಲಿ ನಡೆದರು. ಕೈಯಲ್ಲಿ ಮೇಣದ ಬತ್ತಿ. ಮೇಣದ ಬತ್ತಿ ಹಿಡಿದರೆ ಎರಡು ಕೈಯೂ ಬೇಕು. ಒಂದು ಹಿಡಿಯಲು, ಒಂದು ಗಾಳಿಗೆ ಮರೆ ಮಾಡಲು. ಕಲ್ಲು ಎತ್ತಲು ಕೈ ಉಳಿಯುವುದಿಲ್ಲ. ಗುಂಡು ಹಾರಲಿಲ್ಲ. ಮುಂದಿನ ತಿಂಗಳು ಬರ್ಲಿನ್ ಗೋಡೆ ತೆರೆಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಮನೆಗೆ ಬರುತ್ತೇನೆ. ಅದು ಬರ್ಲಿನ್ ಹತ್ತಿರದ ಲೋಬೆಟಾಲ್‌ನಲ್ಲಿದೆ. ಮೂರ್ಛೆರೋಗದವರಿಗೆ, ಬುದ್ಧಿ ಬೆಳೆಯದವರಿಗೆ, ಗತಿಯಿಲ್ಲದವರಿಗೆ ಚರ್ಚು ನಡೆಸುವ ಹಳೆಯ ಆಶ್ರಮದ ಊರು. ಅಲ್ಲಿ ಊವೆ ಹೋಲ್ಮರ್ ಅನ್ನುವ ಪಾದ್ರಿ ಇದ್ದರು. ಅವರಿಗೆ ಹತ್ತು ಮಕ್ಕಳು. ಅವರಲ್ಲಿ ಎಂಟು ಮಂದಿ ಮೇಲಿನ ಓದಿಗೆ ಅರ್ಜಿ ಹಾಕಿದ್ದರು. ಮಾರ್ಕು ಚೆನ್ನಾಗಿತ್ತು. ಎಂಟರಲ್ಲಿ ಒಬ್ಬರಿಗೂ ಸೀಟು ಕೊಡಲಿಲ್ಲ. 1963ರಿಂದ 1989ರವರೆಗೆ ಆ ದೇಶದ ಶಿಕ್ಷಣ ಮಂತ್ರಿ ಮಾರ್ಗೊಟ್ ಹೊನೆಕರ್. ದೇಶದ ದೊಡ್ಡ ನಾಯಕ ಎರಿಕ್ ಹೊನೆಕರ್ ಅವರ ಹೆಂಡತಿ.

1990ರ ಜನವರಿ ಹೊತ್ತಿಗೆ ಎಲ್ಲ ಬಿದ್ದುಹೋಗಿತ್ತು. ಹೊನೆಕರ್‌ಗೆ ಕ್ಯಾನ್ಸರ್ ಆಪರೇಷನ್ ಆಗಿತ್ತು. ಪಕ್ಷದಿಂದ ಹೊರಗೆ ಹಾಕಿದ್ದರು. ನಾಯಕರಿದ್ದ ಬಡಾವಣೆಯ ಮನೆಯೂ ಹೋಗಿತ್ತು. ಒಂದು ರಾತ್ರಿ ಜೈಲಿನಲ್ಲಿಟ್ಟು ಬಿಟ್ಟರು. ಹೋಗಲು ಜಾಗ ಇಲ್ಲ. ಅಷ್ಟು ವರ್ಷ ಆಳಿದ ಪಕ್ಷ ಅವರಿಗೆ ಒಂದು ಕೋಣೆ ಕೊಡಲಿಲ್ಲ. ಅವರ ಪರವಾಗಿ ಚರ್ಚನ್ನು ಕೇಳಿದರು. ಚರ್ಚು ಹೋಲ್ಮರ್‌ರನ್ನು ಕೇಳಿತು. ಆಶ್ರಮದ ವೃದ್ಧರ ಮನೆಯಲ್ಲಿ ಜಾಗಕ್ಕಾಗಿ ಎಷ್ಟೋ ಜನ ಕಾಯುತ್ತಿದ್ದರು. ಕಾಯುತ್ತಿರುವವರನ್ನು ಹಿಂದೆ ಹಾಕಿ ಹೊನೆಕರ್‌ಗೆ ಜಾಗ ಕೊಡುವುದು ಸರಿಯಲ್ಲ ಅಂತ ಹೋಲ್ಮರ್‌ಗೆ ಅನಿಸಿತು. ಹಾಗಾಗಿ ಗಂಡಹೆಂಡತಿ ಇಬ್ಬರನ್ನೂ ತಮ್ಮ ಮನೆಗೇ ಕರೆದುಕೊಂಡು ಬಂದರು. ಜನವರಿ 30ರ ಸಂಜೆ. ಮೇಲಿನ ಮಹಡಿಯಲ್ಲಿ ಮಕ್ಕಳ ಎರಡು ಕೋಣೆ ಬಿಟ್ಟುಕೊಟ್ಟರು.

ಸ್ವಲ್ಪ ಯೋಚಿಸಿ ನೋಡಿ. ಮಕ್ಕಳಿಗೆ ಓದು ಕೊಡದ ಮಂತ್ರಿ, ಅದೇ ಮನೆಯ ಮಕ್ಕಳ ಕೋಣೆಯಲ್ಲಿ ಮಲಗಿದರು. ಅದೇ ಮನೆಯ ತಾಯಿ ಬಡಿಸಿದ ಊಟ ಮಾಡಿದರು. ಊಟಕ್ಕೆ ಮೊದಲು ಮನೆಯವರು ಪ್ರಾರ್ಥನೆ ಮಾಡುವಾಗ ಜೊತೆಗೆ ಕೂತರು. ಹೊರಗೆ ಜನ ಬಂದು ಕೂಗಾಡಿದರು. ಬಾಂಬು ಇಡುತ್ತೇವೆ ಅನ್ನುವ ಬೆದರಿಕೆಯೂ ಬಂತು. ಸಾವಿರಗಟ್ಟಲೆ ಪತ್ರ ಬಂದವು. ಕೆಲವರು ಹೊಗಳಿದರು, ಎಷ್ಟೋ ಜನ ಬೈದರು. ಆಶ್ರಮಕ್ಕೆ ಇನ್ನು ಕಾಸು ಕೊಡುವುದಿಲ್ಲ ಅಂತ ಹೇಳಿದವರೂ ಇದ್ದರು. ಮಾರ್ಚ್ ಕೊನೆಯಲ್ಲಿ ಸರ್ಕಾರ ಹೊನೆಕರ್ ದಂಪತಿಯನ್ನು ಬೇರೆ ಊರಿನ ಅತಿಥಿಗೃಹಕ್ಕೆ ಸಾಗಿಸಲು ನೋಡಿತು. ಅಲ್ಲಿಯ ಜನ ಬಿಡಲಿಲ್ಲ. ಮರುದಿನವೇ ಹೋಲ್ಮರ್ ಮನೆಗೆ ವಾಪಸ್. ಏಪ್ರಿಲ್ 3ರಂದು ಸೋವಿಯತ್ ಸೇನೆಯ ಆಸ್ಪತ್ರೆಗೆ ಹೋಗುವ ತನಕ ಅಲ್ಲೇ ಇದ್ದರು.

ಯಾಕೆ ಮಾಡಿದಿರಿ ಅಂತ ಕೇಳಿದವರಿಗೆ ಹೋಲ್ಮರ್ ಬಹಿರಂಗವಾಗಿಯೇ ಉತ್ತರ ಬರೆದರು. ಪ್ರತಿ ಭಾನುವಾರ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತ ಪ್ರಾರ್ಥಿಸುತ್ತೇವೆ, ಅದರಂತೆ ನಡೆಯಬೇಡವೇ ಅನ್ನುವುದು ಅವರ ಮಾತು. ಅವರ ಊರಿನಲ್ಲಿ ಕೈ ಚಾಚಿ ನಿಂತ ಯೇಸುವಿನ ಮೂರ್ತಿ ಇದೆ. ಕಷ್ಟಪಡುವವರೇ, ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿರಿ ಅನ್ನುವ ಮೂರ್ತಿ. ಅದನ್ನು ಇಟ್ಟುಕೊಂಡು ಬಾಗಿಲು ಹಾಕುವುದು ಹೇಗೆ? ಹೋಲ್ಮರ್ 2023ರ ಸೆಪ್ಟೆಂಬರ್‌ನಲ್ಲಿ, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು.

ಕ್ಷಮೆ ಸಿಕ್ಕಿತಲ್ಲ, ಇನ್ನು ಆ ಮಾತು ಯಾಕೆ ಅಂತ ನೀವು ಕೇಳಬಹುದು. ಹೋಲ್ಮರ್ ಕ್ಷಮಿಸಿದ್ದು ಅವರ ದೊಡ್ಡತನ. ಆ ಎಂಟು ಮಕ್ಕಳಿಗೆ ಅಂದು ತಪ್ಪಿದ ಓದಿನ ವರ್ಷಗಳು ವಾಪಸ್ ಬರಲಿಲ್ಲ. ಅದು ಅಪಪ್ರಚಾರ ಅಂತ ನಮ್ಮ ಊರಿನಲ್ಲಿ ಒಬ್ಬ ಹುಡುಗ ಹೇಳಿದರೆ, ಆ ಮಕ್ಕಳ ಅರ್ಜಿಯನ್ನು ಇನ್ನೊಂದು ಸಲ ಹರಿದ ಹಾಗೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು.

ಮತ್ತೆ, ಇದು ಮುಗಿದುಹೋದ ಕಥೆಯೂ ಅಲ್ಲ. ಚೀನಾದ ಚೆಂಗ್ಡು ನಗರದಲ್ಲಿ ಅರ್ಲಿ ರೇನ್ ಅನ್ನುವ ಸಭೆ ಇದೆ. ಅದರ ಸಭಾಪಾಲಕ ವಾಂಗ್ ಯಿ. ಮೊದಲು ಕಾನೂನು ಕಲಿಸುತ್ತಿದ್ದ ಮೇಷ್ಟ್ರು. ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಲು ಆ ಸಭೆ ಒಪ್ಪಲಿಲ್ಲ. ತಮ್ಮ ಮಕ್ಕಳಿಗಾಗಿ ಅವರು ಒಂದು ಶಾಲೆಯನ್ನೂ ನಡೆಸುತ್ತಿದ್ದರು. 2018ರ ಡಿಸೆಂಬರ್ 9ರ ಭಾನುವಾರ ಪೊಲೀಸರು ನೂರಕ್ಕೂ ಜಾಸ್ತಿ ಜನರನ್ನು ಹಿಡಿದರು. ರಾಜ್ಯದ ಅಧಿಕಾರ ಬುಡಮೇಲು ಮಾಡಲು ಪ್ರಚೋದನೆ, ಅಕ್ರಮ ವ್ಯಾಪಾರ ಅನ್ನುವ ಆರೋಪ ಹಾಕಿ 2019ರ ಡಿಸೆಂಬರ್ 30ರಂದು ವಾಂಗ್ ಯಿಗೆ ಒಂಬತ್ತು ವರ್ಷ ಶಿಕ್ಷೆ ಕೊಟ್ಟರು. ಅಲ್ಲಿಯೂ ಹಲವು ಕಡೆ ಹದಿನೆಂಟು ತುಂಬದ ಮಕ್ಕಳು ಚರ್ಚಿಗೆ ಬರಬಾರದು ಅಂತ ನೋಟಿಸು ಹಚ್ಚಿದರು. ಮತ್ತೆ ಮಕ್ಕಳೇ.

ನಾನು ನಿಮ್ಮನ್ನು ಕೇಳುವುದು ಎರಡೇ. ಯಾರನ್ನೇ ಅನ್ಯಾಯವಾಗಿ ಜೈಲಿಗೆ ಹಾಕಿದರೂ ನೀವು ಕರಪತ್ರ ಹಂಚುತ್ತೀರಿ, ಪುರಭವನದ ಎದುರಿಗೆ ನಿಲ್ಲುತ್ತೀರಿ. ವಾಂಗ್ ಯಿ ಬಿಡುಗಡೆಗೂ ಒಂದು ಸಲ ನಿಲ್ಲಿ. ನಾಲ್ಕು ಜನ ನಿಂತರೂ ಸಾಕು, ಐದನೆಯವನಾಗಿ ನಾನು ಬರುತ್ತೇನೆ. ಚೀನಾದ ವಿರುದ್ಧ ಕೂಗುವವರ ಜೊತೆ ನಿಮ್ಮನ್ನು ಸೇರಿಸಿಬಿಡುತ್ತಾರೆ ಅನ್ನುವ ಹೆದರಿಕೆ ನಿಮಗಿದೆ ಅಂತ ನನಗೆ ಗೊತ್ತು. ಪೂರ್ವ ಜರ್ಮನಿಯ ಪಾದ್ರಿಗಳಿಗೂ ಪಶ್ಚಿಮದ ಏಜೆಂಟ್ ಅನ್ನುವ ಹೆಸರಿತ್ತು. ಆದರೂ ಮಾತಾಡಿದರು.

ಇನ್ನೊಂದು, ನಿಮ್ಮ ಮುಂದಿನ ಅಧ್ಯಯನ ಶಿಬಿರದಲ್ಲಿ ನನಗೆ ಒಂದು ಗಂಟೆ ಕೊಡಿ. ಪ್ರಸಂಗ ಮಾಡಲು ಬರುವುದಿಲ್ಲ. ಯಾರನ್ನೂ ನಮ್ಮ ಕಡೆಗೆ ಎಳೆಯಲೂ ಬರುವುದಿಲ್ಲ. ಬ್ರೂಸೆವಿಟ್ಸ್ ಬೋರ್ಡಿನಲ್ಲಿ ಇದ್ದದ್ದನ್ನು ಓದುತ್ತೇನೆ, ಹೋಲ್ಮರ್ ಮನೆಯ ವಿಷಯ ಹೇಳುತ್ತೇನೆ. ಅಂದು ಮಾತಾಡಿದ ಆ ಯುವಕ ಎದುರಿಗೇ ಇರಲಿ, ಎಷ್ಟು ಬೇಕಾದರೂ ಪ್ರಶ್ನೆ ಕೇಳಲಿ. ಬೀಡಿ ಕಟ್ಟುವ ಅಕ್ಕಂದಿರು, ಕಟ್ಟಡ ಕೆಲಸದವರು ಬರಬೇಕಾದರೆ ಬೆಳಿಗ್ಗೆ ಇಡಬೇಡಿ. ಸಂಜೆ ನಾಲ್ಕಾದ ಮೇಲೆ ಇಡಿ. ಅಪ್ಪನ ಹಾಡಿನ ಪುಸ್ತಕ ತರುತ್ತೇನೆ. ನಿಮ್ಮ ಸಂಘದ ರಸೀದಿಗಳನ್ನು ಇದ್ದಲ್ಲಿಂದ ತೆಗೆದಿಲ್ಲ.

ನಿಮ್ಮವನೇ,
ಹಂಚಿನ ಕಾರ್ಖಾನೆಯ ಕಾರ್ಮಿಕನ ಮಗ,
ಒಬ್ಬ ನಿವೃತ್ತ ಸಭಾಪಾಲಕ
ಮಂಗಳೂರು